ಕಳ್ಳ ಬಂದ ಅನ್ನುವ ಮೊದಲು ಬಾಗಿಲು ಹಾಕಿದ್ದಿರಾ ಹೇಳಿ

ಕಳೆದ ವರ್ಷ ನನ್ನ ತಂಗಿ ಮೂರನೆಯ ಸಲ ಗರ್ಭಿಣಿಯಾದಾಗ ಮನೆಯಲ್ಲಿ ಅದು ಗೊತ್ತಿದ್ದದ್ದು ಅವಳಿಗೆ, ಅವಳ ಗಂಡನಿಗೆ ಮತ್ತು ಉಮ್ಮನಿಗೆ ಮಾತ್ರ. ಮೊದಲಿನ ಎರಡು ಸಲವೂ ಮೂರು ತಿಂಗಳೊಳಗೆ ಗರ್ಭ ಹೋಗಿತ್ತು. ಹಾಗಾಗಿ ಈ ಸಲ ನಾಲ್ಕು ತಿಂಗಳು ತುಂಬುವವರೆಗೆ ಯಾರಿಗೂ ಹೇಳುವುದು ಬೇಡ ಎಂದು ಮೂವರೂ ತೀರ್ಮಾನ ಮಾಡಿದ್ದರು. ಬಾಪನಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ.

ಉಪ್ಪಳದ ಹತ್ತಿರ ನಮ್ಮದೊಂದು ದಿನಸಿ ಅಂಗಡಿ ಇದೆ. ಬಾಪನಿಗೆ ಕಿವಿ ಸ್ವಲ್ಪ ಮಂದ. ಫೋನ್ ಬಂದರೆ ಸ್ಪೀಕರಿಗೆ ಹಾಕಿ ಮಾತಾಡುವುದು ರೂಢಿ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳು ನಿಂತಿರುವಾಗ ಒಂದು ಕರೆ ಬಂತು. ಆ ಕಡೆ ಒಬ್ಬಳು ಹುಡುಗಿ. ತಂಗಿಯ ಹೆಸರು ಹೇಳಿದಳು, ಹೆರಿಗೆಯ ತಿಂಗಳು ಹೇಳಿದಳು, ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಇಪ್ಪತ್ತು ವರ್ಷ ಕಾಪಾಡಿ ಇಡುತ್ತೇವೆ, ಕಂತಿನಲ್ಲಿ ಹಣ ಕಟ್ಟಬಹುದು ಅಂದಳು. ತನ್ನ ಮಗಳು ಗರ್ಭಿಣಿ ಎಂಬುದು ಬಾಪನಿಗೆ ಗೊತ್ತಾದದ್ದು ಹೀಗೆ, ಅಕ್ಕಿ ತೂಗುತ್ತಿರುವಾಗ, ನಾಲ್ಕು ಜನ ಹೊರಗಿನವರ ಜೊತೆಗೆ. ಅಸರ್ ಬಾಂಗ್ ಆಗುವಷ್ಟರಲ್ಲಿ ಪೇಟೆಗೆಲ್ಲ ಗೊತ್ತಾಗಿತ್ತು.

ಆ ಮಗು ಈಗ ಇದೆ, ಅಲ್‌ಹಮ್ದುಲಿಲ್ಲಾಹ್. ಆದರೆ ಆ ಕರೆಯ ನಂತರದ ಒಂದು ತಿಂಗಳು ತಂಗಿ ನಿದ್ದೆ ಮಾಡಿದ್ದು ಕಡಿಮೆ. ದಾರಿಯಲ್ಲಿ ಸಿಕ್ಕಿದವರೆಲ್ಲ ‘ಈ ಸಲ ಜಾಗ್ರತೆ’ ಎಂದು ಬುದ್ಧಿ ಹೇಳತೊಡಗಿದ್ದರು. ಮೂರು ಜನ ಮನಸ್ಸಿನೊಳಗೆ ಇಟ್ಟುಕೊಂಡ ಭಯವನ್ನು ಪೇಟೆಯ ಮಾತನ್ನಾಗಿ ಮಾಡುವ ಹಕ್ಕು ಯಾರಿಗಿತ್ತು?

ಬಾಪನ ನಂಬರು ಇದ್ದದ್ದು ಒಂದು ಆಸ್ಪತ್ರೆಯ ಹಳೆಯ ದಾಖಲೆಯಲ್ಲಿ. ತಂಗಿ ಮದುವೆಗೆ ಮೊದಲು ಜ್ವರ ಬಂದು ಮಲಗಿದ್ದಾಗ ಕೊಟ್ಟದ್ದು. ನಾನು ಅಲ್ಲಿಗೆ ಹೋಗಿ ಕೇಳಿದೆ. ಆಸ್ಪತ್ರೆಯ ಹೆಸರು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಉಳಿದ ಆಸ್ಪತ್ರೆಗಳೆಲ್ಲ ತಾವು ಬಚಾವಾದೆವು ಅಂದುಕೊಳ್ಳುತ್ತವೆ. ಅರ್ಧ ಗಂಟೆ ಕಾಯಿಸಿದ ಮೇಲೆ ಟೈ ಕಟ್ಟಿದ ಒಬ್ಬರು ಬಂದು ಹೇಳಿದ್ದು ಒಂದೇ ಮಾತು: ‘ನಮ್ಮ ಸಿಸ್ಟಮ್ ಹ್ಯಾಕ್ ಆಗಿರಬಹುದು. ಅದಕ್ಕೆ ನಾವೇನು ಮಾಡುವುದು? ನಾವೂ ಮೋಸ ಹೋದವರೇ ಅಲ್ವಾ?’

ಈ ಲೇಖನ ಆ ಮಾತಿನ ಮೇಲೆ.

ಅವರು ಹಾಗೆ ಹೇಳುತ್ತಿರುವಾಗ ನಾನು ಅವರ ಹಿಂದಿನ ಕೌಂಟರನ್ನು ನೋಡುತ್ತಿದ್ದೆ. ಮೂರು ಜನ ಹುಡುಗಿಯರು, ಮೂರು ಕಂಪ್ಯೂಟರು. ಮೂವರಿಗೂ ಒಂದೇ ಲಾಗಿನ್. ಪಾಸ್‌ವರ್ಡನ್ನು ಹಳದಿ ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿದ್ದರು, ಕೌಂಟರಿನ ಈಚೆ ನಿಂತ ನನಗೆ ಓದಲಿಕ್ಕೆ ಆಗುವ ಹಾಗೆ. ಮಾರಾಯ್ರೆ, ಇದಕ್ಕೆ ಹ್ಯಾಕರ್ ಯಾಕೆ ಬೇಕು? ಕಣ್ಣಿದ್ದರೆ ಸಾಕು. ಮಾಹಿತಿಯನ್ನು ಯಾರಾದರೂ ಕದ್ದರೋ, ಒಳಗಿನವರೇ ಮಾರಿದರೋ ನನಗೆ ಇವತ್ತಿಗೂ ತಿಳಿಯದು. ಅವರಿಗೂ ತಿಳಿಯದು. ಒಂದೇ ಲಾಗಿನ್ನಿನಲ್ಲಿ ಮೂವರು ಕೂತರೆ ಯಾರು ಯಾವ ಫೈಲು ತೆರೆದರು ಎಂಬುದಕ್ಕೆ ಗುರುತೇ ಉಳಿಯುವುದಿಲ್ಲ.

ಬಾಪನ ಅಂಗಡಿಯಲ್ಲಿ ಒಂದು ಕಡದ ಪುಸ್ತಕ ಇದೆ. ಊರಿನ ಅರ್ಧ ಮನೆಗಳ ಲೆಕ್ಕ ಅದರಲ್ಲಿದೆ. ಒಬ್ಬರ ಲೆಕ್ಕ ಬರೆಯುವಾಗ ಇನ್ನೊಬ್ಬರಿಗೆ ಕಾಣದ ಹಾಗೆ ಆಚೆ ಪುಟದ ಮೇಲೆ ಕೈ ಇಟ್ಟು ಬರೆಯುತ್ತಾರೆ. ರಾತ್ರಿ ಅಂಗಡಿ ಮುಚ್ಚುವಾಗ ಹಣದ ಪೆಟ್ಟಿಗೆಯ ಜೊತೆ ಆ ಪುಸ್ತಕವೂ ಮನೆಗೆ ಬರುತ್ತದೆ. ನಾನು ಪಾಲಿಟೆಕ್ನಿಕ್‌ನಲ್ಲಿ ಓದುತ್ತಿದ್ದಾಗ ಮದುವೆ ಸಂಬಂಧ ವಿಚಾರಿಸಲು ಬಂದ ಒಬ್ಬರು, ‘ಇಚ್ಚಾ, ಆ ಮನೆಯವರ ಬಾಕಿ ಎಷ್ಟಿದೆ, ಸ್ವಲ್ಪ ಹೇಳಿ’ ಎಂದು ಕೇಳಿದ್ದರು. ಬಾಪ ಪುಸ್ತಕ ಮುಚ್ಚಿ, ‘ಇಲ್ಲಿ ಅಕ್ಕಿ ಸಿಗುತ್ತದೆ, ಸಕ್ಕರೆ ಸಿಗುತ್ತದೆ. ಜನರ ಲೆಕ್ಕ ಸಿಗುವುದಿಲ್ಲ’ ಅಂದಿದ್ದರು. ಆರನೇ ಕ್ಲಾಸು ಓದಿದವರು. ಜನ ನಂಬಿ ಕೊಟ್ಟದ್ದು ಅಮಾನತ್ತು, ಅದು ನಮ್ಮದಲ್ಲ ಎಂಬುದು ಅವರಿಗೆ ಯಾವ ಕಾನೂನೂ ಇಲ್ಲದೆ ಗೊತ್ತಿತ್ತು.

ಆ ಪುಸ್ತಕವನ್ನು ಬಾಪ ರಾತ್ರಿ ಅಂಗಡಿಯ ಜಗಲಿಯಲ್ಲಿ ಬಿಟ್ಟು ಬಂದು, ಬೆಳಿಗ್ಗೆ ಅದು ಕಾಣದೆ ಹೋಗಿ, ‘ಕಳ್ಳ ಬಂದಿದ್ದ, ನಾನೂ ಮೋಸ ಹೋದವನೇ’ ಅಂದಿದ್ದರೆ ಊರಿನವರು ಒಪ್ಪುತ್ತಿದ್ದರಾ? ಕಳ್ಳ ತಪ್ಪು ಮಾಡಿದವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಳ್ಳನ ತಪ್ಪು ಇಟ್ಟುಕೊಂಡವನ ತಪ್ಪನ್ನು ತೊಳೆಯುವುದಿಲ್ಲ.

ನನ್ನ ಕೆಲಸ ಯಂತ್ರಗಳದ್ದು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲವು ವರ್ಷ ಗಲ್ಫಿನಲ್ಲಿದ್ದು, ಈಗ ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಮೈಂಟೆನೆನ್ಸ್ ನೋಡುತ್ತೇನೆ. ಬಾಯ್ಲರಿನ ಸೇಫ್ಟಿ ವಾಲ್ವ್ ಬದಲಿಸಬೇಕು ಎಂದು ಕಂಪನಿಯವರು ಪತ್ರ ಬರೆದು, ನಾನು ಎರಡು ತಿಂಗಳು ಬದಲಿಸದೆ, ಬಾಯ್ಲರ್ ಸಿಡಿದರೆ ‘ಆವಿಯ ಒತ್ತಡ ಜಾಸ್ತಿಯಾಯಿತು, ನಾನೇನು ಮಾಡಲಿ’ ಎಂದು ಹೇಳಿ ತಪ್ಪಿಸಿಕೊಳ್ಳಲು ಆಗುತ್ತದಾ? ಜೈಲಿಗೆ ಹೋಗುತ್ತೇನೆ. ಆಸ್ಪತ್ರೆಗಳ ಕಂಪ್ಯೂಟರ್ ವಿಷಯದಲ್ಲಿ ಮಾತ್ರ ಈ ಸಬೂಬು ನಡೆಯುತ್ತದೆ.

ಉತ್ಪ್ರೇಕ್ಷೆ ಅನ್ನುವವರು ಈ ಉದಾಹರಣೆಗಳನ್ನು ನೋಡಿ. 2017ರ ಮೇ 12ರಂದು ವಾನಾಕ್ರೈ ಎಂಬ ವೈರಸ್ ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಿಗೆ ಹೊಕ್ಕಿತು. ಇಂಗ್ಲೆಂಡಿನ ಆಸ್ಪತ್ರೆ ಟ್ರಸ್ಟ್‌ಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಪೆಟ್ಟು ಬಿತ್ತು. ಅಂದಾಜು 19,000 ಅಪಾಯಿಂಟ್‌ಮೆಂಟುಗಳು ರದ್ದಾದವು. ಆ ವೈರಸ್ ನುಗ್ಗಿದ ತೂತನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ಕೊಟ್ಟಿತ್ತು. ಹಾಕಿಕೊಂಡಿರಲಿಲ್ಲ, ಅಷ್ಟೇ. ಸಾಮಾನ್ಯ ಎಚ್ಚರಿಕೆಗಳಿಂದ ಇದನ್ನು ತಡೆಯಬಹುದಿತ್ತು ಎಂದು ಅಲ್ಲಿನ ಲೆಕ್ಕಪರಿಶೋಧನಾ ಕಚೇರಿಯೇ ಹೇಳಿತು.

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್. ಐದು ಸರ್ವರುಗಳಿಗೆ ಬೀಗ ಬಿತ್ತು, ಸುಮಾರು 1.3 ಟೆರಾಬೈಟ್ ಮಾಹಿತಿ ಓದಲಾಗದ ಹಾಗೆ ಆಯಿತು. ದೇಶದ ಅಷ್ಟು ದೊಡ್ಡ ಆಸ್ಪತ್ರೆ ಎರಡು ವಾರದ ಹತ್ತಿರ ಕೈಬರಹದ ಚೀಟಿಯಲ್ಲಿ ನಡೆಯಿತು. ಕಾರಣ ಏನು? ನೆಟ್‌ವರ್ಕನ್ನು ಸರಿಯಾಗಿ ವಿಭಾಗ ಮಾಡಿರಲಿಲ್ಲ ಎಂದು ಕೇಂದ್ರ ಸರಕಾರ ಸಂಸತ್ತಿಗೆ ಉತ್ತರ ಕೊಟ್ಟಿತು. ನನ್ನ ಭಾಷೆಯಲ್ಲಿ ಹೇಳುವುದಾದರೆ, ಕಟ್ಟಡಕ್ಕೆ ಬೆಂಕಿ ತಡೆಯುವ ಬಾಗಿಲುಗಳೇ ಇರಲಿಲ್ಲ. ಒಂದು ಕೋಣೆಗೆ ಹತ್ತಿದ ಬೆಂಕಿ ಎಲ್ಲ ಕೋಣೆಗೂ ಹೋಯಿತು.

2024ರ ಫೆಬ್ರವರಿಯಲ್ಲಿ ಅಮೆರಿಕದ ಚೇಂಜ್ ಹೆಲ್ತ್‌ಕೇರ್. ಹೊರಗಿನಿಂದ ಒಳಗೆ ಬರುವ ಒಂದು ದಾರಿಗೆ ಪಾಸ್‌ವರ್ಡ್ ಮಾತ್ರ ಇತ್ತು, ಎರಡನೇ ಬೀಗ ಇರಲಿಲ್ಲ. ನಮ್ಮ ಗೂಗಲ್ ಪೇಗೂ ಓಟಿಪಿ, ಪಿನ್ ಎಂದು ಎರಡು ಬೀಗ ಇರುವಾಗ ಇದು. ಸುಮಾರು 19 ಕೋಟಿ ಜನರ ಮಾಹಿತಿ ಹೋಯಿತು. ಕಂಪನಿ 2.2 ಕೋಟಿ ಡಾಲರ್ ಸುಲಿಗೆ ಹಣ ಕೊಟ್ಟಿತು. ಕೊಟ್ಟ ಮೇಲೂ ಇನ್ನೊಂದು ಗುಂಪು ಬಂದು ಅದೇ ಮಾಹಿತಿ ನಮ್ಮ ಕೈಯಲ್ಲಿದೆ ಎಂದು ಮತ್ತೆ ಹಣ ಕೇಳಿತು. ಕಳ್ಳನ ಮಾತನ್ನು ನಂಬಿ ಕೊಟ್ಟ ಹಣಕ್ಕೆ ರಶೀದಿ ಎಲ್ಲಿ ಸಿಗುತ್ತದೆ?

ನಮ್ಮ ಹತ್ತಿರದ್ದನ್ನೂ ಹೇಳುತ್ತೇನೆ. 2024ರ ಏಪ್ರಿಲ್ ಕೊನೆಯಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ಸರ್ವರುಗಳ ಮೇಲೆ ದಾಳಿಯಾಗಿ ಕೆಲವು ದಿನ ವಿಕಿರಣ ಚಿಕಿತ್ಸೆಯೇ ನಿಂತಿತು. ಕ್ಯಾನ್ಸರ್ ರೋಗಿಗೆ ಕರೆಂಟು ಕೊಡುವುದು ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಅದೇ. ಅದರ ದಿನಗಳನ್ನು ಡಾಕ್ಟರು ಲೆಕ್ಕ ಹಾಕಿ ಕೊಟ್ಟಿರುತ್ತಾರೆ. ರೈಲು ಹತ್ತಿ, ಲಾಡ್ಜ್ ಹಿಡಿದು, ಕೂಲಿ ಬಿಟ್ಟು ಹೋದವರಿಗೆ ‘ಸರ್ವರ್ ಡೌನ್’ ಅಂದರೆ ಹೇಗೆ? ಹಾಗಾಗಿ ಇದು ಬರೀ ಮಾಹಿತಿಯ ವಿಷಯ ಅಲ್ಲ. ಆಪರೇಷನ್ ಥಿಯೇಟರಿನಲ್ಲಿ ಕೈ ತೊಳೆಯುವುದು ಹೇಗೆ ಚಿಕಿತ್ಸೆಯ ಭಾಗವೋ, ಕಂಪ್ಯೂಟರಿಗೆ ಬೀಗ ಹಾಕುವುದೂ ಹಾಗೆಯೇ ಚಿಕಿತ್ಸೆಯ ಭಾಗ.

‘ನನ್ನ ಶುಗರ್ ರಿಪೋರ್ಟ್ ಕದ್ದು ಯಾರಿಗೇನು ಲಾಭ’ ಎಂದು ನಗುವವರು ನಮ್ಮಲ್ಲಿ ಬಹಳ ಜನ. ಅವರು ಫಿನ್‌ಲೆಂಡಿನ ವಸ್ತಾಮೊ ಕಥೆ ಕೇಳಬೇಕು. ಅದು ಮಾನಸಿಕ ಚಿಕಿತ್ಸೆಯ ಕೇಂದ್ರ. ಸುಮಾರು 33,000 ಜನ ತಮ್ಮ ಗಂಡ, ಹೆಂಡತಿ, ತಾಯಿಗೂ ಹೇಳದ್ದನ್ನು ಅಲ್ಲಿ ಕೂತು ಹೇಳಿದ್ದರು. ಆ ಟಿಪ್ಪಣಿಗಳನ್ನು ಕದ್ದವನು 2020ರ ಅಕ್ಟೋಬರಿನಲ್ಲಿ ರೋಗಿಗಳಿಗೇ ಒಬ್ಬೊಬ್ಬರಿಗೆ ಇಮೇಲ್ ಕಳಿಸಿದ: 200 ಯೂರೋ ಕೊಡು, ಇಲ್ಲದಿದ್ದರೆ ನೀನು ಹೇಳಿದ್ದೆಲ್ಲ ಬಯಲಿಗೆ. 2022ರಲ್ಲಿ ಆಸ್ಟ್ರೇಲಿಯಾದ ಮೆಡಿಬ್ಯಾಂಕ್ ಎಂಬ ವಿಮೆ ಕಂಪನಿಯಿಂದ 97 ಲಕ್ಷ ಜನರ ಮಾಹಿತಿ ಕದ್ದವರು, ಹಣ ಸಿಗದಾಗ, ಗರ್ಭ ತೆಗೆಸಿಕೊಂಡ ಹೆಂಗಸರ ದಾಖಲೆಗಳನ್ನೇ ಬೇರೆ ಮಾಡಿ ಪ್ರಕಟಿಸಿದರು. ಅದನ್ನು ಓದುವಾಗ ನನಗೆ ತಂಗಿಯ ಮುಖ ಕಣ್ಣ ಮುಂದೆ ಬಂತು.

ನಮ್ಮ ಕಡೆಗೆ ತಿರುಗಿಸಿ ನೋಡಿ. ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿದ್ದ ಹುಡುಗಿ. ಈಗ ಪೂರ್ತಿ ಗುಣವಾಗಿದೆ, ಆದರೆ ಒಂದು ಫೈಲು ಹೊರಗೆ ಬಂದರೆ ಸಂಬಂಧ ಮುರಿಯುತ್ತದೆ. ಮನಸ್ಸು ಸರಿ ಇಲ್ಲದೆ ಆರು ತಿಂಗಳು ಮಾತ್ರೆ ತಿಂದ ಹುಡುಗ. ಗಲ್ಫಿಗೆ ಹೋಗಲು ಮೆಡಿಕಲ್ ಮಾಡಿಸಿ, ಎಕ್ಸ್‌ರೇಯಲ್ಲಿ ಹಳೆಯ ಟಿಬಿಯ ಕಲೆ ಕಂಡು ಅನ್‌ಫಿಟ್ ಆದವನು. ಬ್ಯಾಂಕ್ ಕಾರ್ಡ್ ಕಳುವಾದರೆ ಬ್ಲಾಕ್ ಮಾಡಿಸಬಹುದು, ಪಾಸ್‌ವರ್ಡ್ ಹೋದರೆ ಹೊಸದು ಇಡಬಹುದು. ರೋಗವನ್ನು ಬ್ಲಾಕ್ ಮಾಡಿಸುವುದು ಹೇಗೆ? ಒಮ್ಮೆ ಹೊರಗೆ ಹೋದ ಕಾಯಿಲೆಯ ಮಾಹಿತಿ ವಾಪಸು ಬರುವುದಿಲ್ಲ. ಅದಕ್ಕೇ ಹಣಕ್ಕಿಂತ ಹೆಚ್ಚಿನ ಕಾವಲು ಇದಕ್ಕೆ ಬೇಕು.

ಕಾಸರಗೋಡಿನವರಾದ ನಮಗೆ ಇದು ಹೊಸತೂ ಅಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿ ನಮ್ಮ ರೋಗಿಗಳು ಮಂಗಳೂರಿಗೆ ಹೋಗಲಾಗದೆ ಸತ್ತದ್ದು ಎಲ್ಲರಿಗೂ ನೆನಪಿದೆ. ಅದರ ಬೆನ್ನಿಗೇ ಏಪ್ರಿಲ್‌ನಲ್ಲಿ, ಕೋವಿಡ್ ಗುಣವಾಗಿ ಮನೆಗೆ ಬಂದ ನಮ್ಮ ಜಿಲ್ಲೆಯವರಿಗೆ ಖಾಸಗಿ ಆಸ್ಪತ್ರೆಗಳ ಹೆಸರಿನಲ್ಲಿ ಫೋನ್ ಬಂದದ್ದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಅದೇ ತಿಂಗಳು ಸ್ಪ್ರಿಂಕ್ಲರ್ ಪ್ರಕರಣದಲ್ಲಿ ಕೇರಳ ಹೈಕೋರ್ಟು, ರೋಗಿಗಳ ಗುರುತು ತೆಗೆದ ಮೇಲೆಯೇ ಮಾಹಿತಿಯನ್ನು ಆ ಕಂಪನಿಗೆ ಕೊಡಬೇಕು ಎಂದು ಮಧ್ಯಂತರ ಆದೇಶ ಕೊಟ್ಟಿತು. ದಾರಿ ಮುಚ್ಚಿದ್ದಕ್ಕೆ ನಾವು ಸಿಟ್ಟಾದೆವು, ಆ ಸಿಟ್ಟು ನ್ಯಾಯವೇ. ಮಾಹಿತಿಯ ಬಾಗಿಲು ತೆರೆದು ಬಿಟ್ಟದ್ದಕ್ಕೆ ಯಾಕೆ ಸಿಟ್ಟಾಗಲಿಲ್ಲ?

ಈಗ ಆಸ್ಪತ್ರೆಯವರ ಸಬೂಬುಗಳಿಗೆ ಬರೋಣ.

ಮೊದಲನೆಯದು, ದುಡ್ಡಿಲ್ಲ. ಸಣ್ಣ ಕ್ಲಿನಿಕ್ಕಿನ ಡಾಕ್ಟರು ಹೇಳಿದರೆ ಕೇಳುತ್ತೇನೆ. ಗ್ರಾನೈಟ್ ನೆಲ, ಗಾಜಿನ ಲಿಫ್ಟು, ಹೆದ್ದಾರಿಯುದ್ದಕ್ಕೂ ಫ್ಲೆಕ್ಸು ಹಾಕಿದವರು ಹೇಳಿದರೆ ಕೇಳುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್, ಎರಡನೇ ಬೀಗ, ಸಮಯಕ್ಕೆ ಸರಿಯಾಗಿ ಅಪ್‌ಡೇಟ್, ನೆಟ್‌ವರ್ಕಿನಿಂದ ಕಳಚಿ ಬೇರೆ ಇಟ್ಟ ಒಂದು ಪ್ರತಿ, ಬೇಡದ ಹಳೆಯ ಮಾಹಿತಿಯನ್ನು ಅಳಿಸುವುದು. ಇದಕ್ಕೆ ಕೋಟಿ ಬೇಡ, ಶಿಸ್ತು ಬೇಕು. ಸಣ್ಣ ಕ್ಲಿನಿಕ್ಕೂ ಇದರಲ್ಲಿ ಹೆಚ್ಚಿನದನ್ನು ಮಾಡಬಹುದು.

ಎರಡನೆಯದು, ಡಾಕ್ಟರಿಗೆ ತಡವಾಗುತ್ತದೆ, ಜೀವ ಮುಖ್ಯ. ಇದು ಸುಳ್ಳಲ್ಲ. ಎಮರ್ಜೆನ್ಸಿಯಲ್ಲಿ ಪಾಸ್‌ವರ್ಡ್ ಮರೆತು ರೋಗಿ ಸಾಯಬಾರದು. ಅದಕ್ಕೆ ತುರ್ತು ಬಾಗಿಲು ಇಡಿ, ಆದರೆ ಅದನ್ನು ತೆರೆದವರ ಹೆಸರು, ಸಮಯ ತಾನಾಗಿ ದಾಖಲಾಗಲಿ. ಕಾರ್ಖಾನೆಯಲ್ಲೂ ತುರ್ತು ಬಾಗಿಲು ಇರುತ್ತದೆ. ಅದಕ್ಕಾಗಿ ಮುಖ್ಯ ಗೇಟನ್ನು ರಾತ್ರಿಯಿಡೀ ತೆರೆದಿಡುವುದಿಲ್ಲ.

ಮೂರನೆಯದು, ಯಾರೋ ಸಿಬ್ಬಂದಿ ತಪ್ಪು ಲಿಂಕ್ ಒತ್ತಿದರು. ಈ ಸಬೂಬಿನ ಮೇಲೆ ನನಗೆ ಅತಿ ಹೆಚ್ಚು ಸಿಟ್ಟು. 2021ರಲ್ಲಿ ಐರ್ಲೆಂಡಿನ ಸರಕಾರಿ ಆರೋಗ್ಯ ಸೇವೆಯಲ್ಲಿ ಹಾಗೇ ಆಯಿತು. ಮಾರ್ಚ್ 18ರಂದು ಒಬ್ಬರು ವಿಷ ತುಂಬಿದ ಒಂದು ಎಕ್ಸೆಲ್ ಫೈಲನ್ನು ತೆರೆದರು. ಆದರೆ ಕಳ್ಳರು ಬೀಗ ಹಾಕಿದ್ದು ಮೇ 14ರಂದು. ನಡುವೆ ಎಂಟು ವಾರ ಅವರು ಒಳಗೇ ಓಡಾಡಿದರು. ಆಂಟಿವೈರಸ್ ಅದನ್ನು ಕಂಡುಹಿಡಿದಿತ್ತು, ಆದರೆ ಅದನ್ನು ತಡೆಯದೆ ಬರೀ ನೋಡುತ್ತಿರುವ ಹಾಗೆ ಇಟ್ಟಿದ್ದರು. ಗಂಟೆ ಹೊಡೆದಿದೆ, ಎದ್ದು ನೋಡುವವರು ಇಲ್ಲ. ಇದರಲ್ಲಿ ಫೈಲು ತೆರೆದವರ ತಪ್ಪು ಎಷ್ಟು, ಗಂಟೆಯ ಹತ್ತಿರ ಯಾರನ್ನೂ ಕೂರಿಸದವರ ತಪ್ಪು ಎಷ್ಟು? ಕೌಂಟರಿನಲ್ಲಿ ಕಡಿಮೆ ಸಂಬಳಕ್ಕೆ ಹನ್ನೆರಡು ಗಂಟೆ ಕೂರುವ ಹುಡುಗಿಯ ತಲೆಗೆ ಇದನ್ನು ಕಟ್ಟಬೇಡಿ. ಅವಳಿಗೆ ಹಳದಿ ಚೀಟಿ ಕೊಟ್ಟದ್ದು ನೀವು.

ಕಾನೂನು ಇಲ್ಲವೇ ಅಂದರೆ, ಇದೆ. ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ. ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ. ಭದ್ರತೆಯಲ್ಲಿ ಲೋಪ ಮಾಡಿದರೆ 250 ಕೋಟಿ ರೂಪಾಯಿವರೆಗೆ ದಂಡ. ಕೇಳಲು ಚೆನ್ನಾಗಿದೆ. ಆದರೆ ಆ ದಂಡ ಹೋಗುವುದು ಭಾರತದ ಸಂಚಿತ ನಿಧಿಗೆ. ಮಾನ ಹೋದ ರೋಗಿಗೆ ಇದರಲ್ಲಿ ಒಂದು ರೂಪಾಯಿ ಇಲ್ಲ. ಹಿಂದಿನ ಐಟಿ ಕಾಯ್ದೆಯ 43ಎ ಸೆಕ್ಷನ್ನಿನಲ್ಲಿ ಪರಿಹಾರ ಕೇಳುವ ದಾರಿಯೊಂದಿತ್ತು, ಹೊಸ ಕಾಯ್ದೆ ಆ ಸೆಕ್ಷನ್ನನ್ನೇ ಕೈಬಿಡುತ್ತದೆ. ನನ್ನ ಮನೆಗೆ ಕಳ್ಳ ನುಗ್ಗಿದ್ದಕ್ಕೆ ಪಂಚಾಯತಿಗೆ ದಂಡ ಕಟ್ಟಿದರೆ ನನಗೇನು ಸಿಕ್ಕಿತು? ಇದು ಬದಲಾಗಬೇಕು.

ಅದೇ ಕಾಯ್ದೆಯಲ್ಲಿ ನಮಗೆ ಬೇಕಾದ ಒಂದು ಒಳ್ಳೆಯ ಮಾತೂ ಇದೆ. ಮಾಹಿತಿ ಪಡೆಯಲು ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಕನ್ನಡ ಅದರಲ್ಲಿದೆ. ಬ್ಯಾರಿ ಇಲ್ಲ, ತುಳುವೂ ಇಲ್ಲ. ನಮ್ಮ ಉಮ್ಮಂದಿರು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುವ ಫಾರ್ಮಿಗೆ ಓದದೆ ಸಹಿ ಹಾಕುತ್ತಾರೆ, ಅದಕ್ಕೆ ‘ಒಪ್ಪಿಗೆ’ ಎಂದು ಹೆಸರು. ಓದಲಾಗದ ಕಾಗದಕ್ಕೆ ಹಾಕಿದ ಸಹಿ ಒಪ್ಪಿಗೆಯಲ್ಲ. ಕನ್ನಡದ ಫಾರ್ಮು ಕೇಳಿ. ಬ್ಯಾರಿಯಲ್ಲಿ ಬಾಯಿ ಮಾತಲ್ಲಾದರೂ ವಿವರಿಸಿ ಎಂದು ಕೇಳಿ.

ಕೊನೆಗೆ ನಮ್ಮ ಮೇಲೂ ಒಂದು ಮಾತು, ಇಲ್ಲದಿದ್ದರೆ ಇದು ಬರೀ ಬೈಗುಳವಾಗುತ್ತದೆ. ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ದಿನಕ್ಕೆರಡು ಸಹಾಯದ ಪೋಸ್ಟರು ಬರುತ್ತವೆ. ಹಾಸಿಗೆಯಲ್ಲಿ ಮಲಗಿದ ಮಗುವಿನ ಫೋಟೋ, ಹೆಸರು, ರೋಗ, ವಾರ್ಡ್ ನಂಬರು, ತಂದೆಯ ಬ್ಯಾಂಕ್ ಖಾತೆ. ನಾವು ಒಳ್ಳೆಯ ಮನಸ್ಸಿನಿಂದಲೇ ಕಳಿಸುತ್ತೇವೆ, ನಾನೂ ಕಳಿಸಿದ್ದೇನೆ. ಆದರೆ ಆ ಮಗು ಹತ್ತು ವರ್ಷದ ನಂತರ ಶಾಲೆಗೆ ಹೋಗುವಾಗಲೂ ಆ ಪೋಸ್ಟರು ಎಲ್ಲೋ ಇರುತ್ತದೆ. ಹಣ ಬೇಕಾದವನಿಗೆ ಒಪ್ಪದೆ ಬೇರೆ ದಾರಿ ಇಲ್ಲ, ಅದೂ ಒಪ್ಪಿಗೆಯಲ್ಲ. ಜಮಾಅತಿನ ಇಬ್ಬರು ಹೋಗಿ ವಿಚಾರಿಸಿ, ‘ನಮಗೆ ಗೊತ್ತಿರುವ ಒಂದು ಮನೆಗೆ ಇಷ್ಟು ಬೇಕು’ ಎಂದು ಬರೆದರೆ ಸಾಲದೇ? ಕೊಡುವವನಿಗೆ ಮಗುವಿನ ಮುಖ ಯಾಕೆ ಬೇಕು?

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಕೌಂಟರಿನಲ್ಲಿ ಅಲ್ಲ, ಆಡಳಿತದವರ ಕೋಣೆಗೆ ಹೋಗಿ ನಾಲ್ಕು ಪ್ರಶ್ನೆ ಕೇಳಿ. ನನ್ನ ಫೈಲನ್ನು ಯಾರು ಯಾರು ತೆರೆಯಬಹುದು? ತೆರೆದವರ ಹೆಸರು ದಾಖಲಾಗುತ್ತದಾ? ಸಿಸ್ಟಮ್ ಬಿದ್ದರೆ ಬೇರೆ ಕಡೆ ಪ್ರತಿ ಇದೆಯಾ, ಅದನ್ನು ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ? ಮಾಹಿತಿ ಕಳುವಾದರೆ ನನಗೆ ಎಷ್ಟು ದಿನದೊಳಗೆ, ಯಾವ ಭಾಷೆಯಲ್ಲಿ ತಿಳಿಸುತ್ತೀರಿ? ಉತ್ತರ ಸಿಗಲಿಕ್ಕಿಲ್ಲ. ನೂರು ಜನ ಕೇಳಿದರೆ ಸಿಗುತ್ತದೆ.

ನಾನು ಟೈ ಕಟ್ಟಿದವರನ್ನು ಭೇಟಿಯಾಗಿ ಬಂದ ಸಂಜೆ ಬಾಪನಿಗೆ ಎಲ್ಲ ಹೇಳಿದೆ. ಅವರು ಸುಮ್ಮನೆ ಕೇಳಿ, ಕಡದ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಯ ಬಾಗಿಲಿಗೆ ಬೀಗ ಹಾಕಿದರು. ಎರಡು ಸಲ ಎಳೆದು ನೋಡಿದರು. ‘ಬೀಗ ಒಡೆದು ಕದ್ದರೆ ನಾನು ಊರಿನವರ ಮುಖ ನೋಡಬಹುದು. ಹಾಕದೇ ಹೋದರೆ ನೋಡಲಿಕ್ಕಾಗುವುದಿಲ್ಲ’ ಅಂದರು.